ಸಭಾಕಂಪದ ಚರಿತ್ರೆ: ಬಾಗಲಕೋಟೆಯ ಸೀಮೆಯಲ್ಲಿ ಮಾತು ಮತ್ತು ಬರಹ

ಸಭೆಯಲ್ಲಿ ಎದ್ದು ನಿಂತವನಿಗೆ ಬರುವ ನಡುಕಕ್ಕೆ ನಮ್ಮ ಹಿರಿಯರು ಸಭಾಕಂಪವೆಂದು ಹೆಸರಿಟ್ಟರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮಹಾವಿದ್ಯಾಲಯಗಳಲ್ಲಿ ಪಾಠ ಹೇಳುವ ಅಧ್ಯಾಪಕರಿಗೆ ಈ ಸ್ಥಿತಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಪ್ರಶ್ನೆ ಕೇಳಿದಾಗ ಉತ್ತರ ಬಲ್ಲ ವಿದ್ಯಾರ್ಥಿಯೂ ತಲೆ ತಗ್ಗಿಸುತ್ತಾನೆ. ವೇದಿಕೆಗೆ ಕರೆದರೆ ಕಾಲು ಹಿಂದೆಗೆಯುತ್ತಾನೆ. ಸ್ವಂತವಾಗಿ ಒಂದು ಪ್ರಬಂಧ ಬರೆಯೆಂದರೆ ಗೈಡಿನ ವಾಕ್ಯಗಳನ್ನೇ ತಿರುಗಿ ಬರೆದು ಒಪ್ಪಿಸುತ್ತಾನೆ. ಆದರೆ ಇದೇ ವಿದ್ಯಾರ್ಥಿ ಸಂತೆಯಲ್ಲಿ, ಹೊಲದ ಬದುವಿನ ವ್ಯಾಜ್ಯದಲ್ಲಿ, ಗೆಳೆಯರ ಗುಂಪಿನಲ್ಲಿ ಮಾತಿಗೆ ಸೋಲುವವನಲ್ಲ. ವಿದ್ಯಾರ್ಥಿನಿಯರ ವಿಷಯದಲ್ಲಿಯೂ ಇದೇ ಮಾತು ನಿಜ. ಮನೆಯಲ್ಲಿ ಒಗಟು, ಒಡಪುಗಳನ್ನು ಎಡೆಬಿಡದೆ ಹೇಳಬಲ್ಲವಳು ತರಗತಿಯಲ್ಲಿ ತನ್ನ ಹೆಸರನ್ನೂ ಮೆಲುದನಿಯಲ್ಲಿ ಹೇಳುತ್ತಾಳೆ.

ಈ ಅಂಜಿಕೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು: ವಿದ್ಯಾರ್ಥಿಯ ಸ್ವಭಾವ ಒಂದು, ಹಳ್ಳಿಯಿಂದ ಬಂದವನೆಂಬುದು ಇನ್ನೊಂದು. ಇವೆರಡೂ ದೋಷವನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸುತ್ತವೆ. ಆದರೆ ಸಂತೆಯಲ್ಲಿ ಇಲ್ಲದ ಅಂಜಿಕೆ ಸಭೆಯಲ್ಲಿ ಹುಟ್ಟುವುದಾದರೆ ಅದರ ಬೇರನ್ನು ಸಭೆಯ ಕಡೆಗೂ ಹುಡುಕಬೇಕಾಗುತ್ತದೆ. ಈ ಸೀಮೆಯಲ್ಲಿ ಸಾರ್ವಜನಿಕವಾದ ಮಾತು ಮತ್ತು ಬರಹಗಳು ಯಾವ ಯಾವ ಭಾಷೆಯಲ್ಲಿ ನಡೆದುಬಂದವು, ಅವುಗಳ ಗುಣದೋಷಗಳನ್ನು ನಿರ್ಣಯಿಸುವವರು ಯಾರಾಗಿದ್ದರು ಎಂಬುದನ್ನು ಕಾಲಾನುಕ್ರಮದಲ್ಲಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಬಾದಾಮಿಯ ಬಂಡೆಗಳ ಬರಹಗಳೇ ಈ ವಿಚಾರಕ್ಕೆ ಮೊದಲ ಸಾಕ್ಷಿ. ಕೋಟೆಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನ ಶಕವರ್ಷ ೪೬೫ಕ್ಕೆ, ಎಂದರೆ ಕ್ರಿ. ಶ. ೫೪೩ಕ್ಕೆ ಸೇರಿದುದು, ಅದರ ಭಾಷೆ ಸಂಸ್ಕೃತ. ಮೂರನೆಯ ಗುಹೆಯಲ್ಲಿರುವ ಮಂಗಲೇಶನ, ಕ್ರಿ. ಶ. ೫೭೮ರ ಶಾಸನವೂ ಸಂಸ್ಕೃತದ್ದೇ. ವಂಶದ ಹಿರಿಮೆ, ಆಲಯದ ಸೊಬಗು, ರಾಜನ ಭಕ್ತಿ ಇವೆಲ್ಲ ಆ ಭಾಷೆಯಲ್ಲಿ ಹೇಳಲ್ಪಟ್ಟಿವೆ. ಆದರೆ ಅದೇ ಗುಹೆಯಲ್ಲಿ ಚಿಕ್ಕದೊಂದು ಕನ್ನಡ ಶಾಸನವೂ ಉಂಟು. ಮಂಗಲೇಶನ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಕೊಟ್ಟುದು, ದೇವರಿಗೆ ಹೂವೊದಗಿಸುವ ಮಾಲೆಗಾರರಿಗೆ ಅದರಲ್ಲಿ ಪಾಲು ಸಂದುದು, ಇದನ್ನು ಅಳಿದವನಿಗೆ ಒದಗುವ ಗತಿ, ಇಷ್ಟೇ ಅದರ ವಿಷಯ. ರಾಜನ ಕೀರ್ತಿ ದೂರದ ಪಂಡಿತರಿಗೆ ತಿಳಿಯಬೇಕು. ದತ್ತಿಯ ಮಾತು ಹೂ ಕಟ್ಟುವವನಿಗೆ ತಿಳಿಯಬೇಕು. ಒಂದೇ ಕಲ್ಮನೆಯಲ್ಲಿ ಎರಡು ಭಾಷೆಗಳು ಎರಡು ಬಗೆಯ ಓದುಗರನ್ನು ಎದುರಿಗಿಟ್ಟುಕೊಂಡು ನಿಂತಿವೆ. ಮಾನದ ಭಾಷೆ ಒಂದು, ಬಳಕೆಯ ಭಾಷೆ ಇನ್ನೊಂದು ಎಂಬ ಭೇದ ಈ ಸೀಮೆಯಲ್ಲಿ ಹದಿನಾಲ್ಕು ನೂರು ವರ್ಷಗಳಷ್ಟಾದರೂ ಹಳೆಯದೆಂಬುದಕ್ಕೆ ಇಷ್ಟು ಸಾಕು.

ಮಾನದ ಭಾಷೆಯಲ್ಲಿ ಬರೆದವರ ಧೈರ್ಯಕ್ಕೆ ಐಹೊಳೆಯ ಮೇಗುಟಿಯ ಶಾಸನ ಪ್ರಸಿದ್ಧ ನಿದರ್ಶನ. ಹುನಗುಂದದ ಸೀಮೆಗೆ ಸೇರಿದ ಈ ಊರಿನಲ್ಲಿ, ಕ್ರಿ. ಶ. ೬೩೪ರಲ್ಲಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿ ತನ್ನ ಕವಿತಾಕೀರ್ತಿ ಕಾಳಿದಾಸ ಭಾರವಿಗಳ ಕೀರ್ತಿಗೆ ಸಾಟಿಯಾದುದೆಂದು ಹೇಳಿಕೊಂಡಿದ್ದಾನೆ. ಆ ಇಬ್ಬರು ಕವಿಗಳ ಕಾಲನಿರ್ಣಯಕ್ಕೆ ಈ ಒಂದು ಉಲ್ಲೇಖ ಎಷ್ಟು ನೆರವಾಗಿದೆಯೆಂಬುದು ಸಂಸ್ಕೃತ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ವಿದಿತವೇ ಇದೆ. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಬೇರೆ. ತನ್ನ ಬರಹವನ್ನು ಅಳೆಯುವ ಅಳತೆಗೋಲನ್ನು ರವಿಕೀರ್ತಿ ತಾನೇ ಆರಿಸಿಕೊಂಡನು. ಅಳತೆಗೋಲು ತನ್ನ ಕೈಯಲ್ಲಿರುವವನಿಗೆ ಅಂಜಿಕೆ ಕಡಮೆ.

ಕನ್ನಡವಾದರೂ ಬಹುಕಾಲ ದತ್ತಿಯ ಮಾತಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಕ್ರಿ. ಶ. ಸುಮಾರು ೭೦೦ಕ್ಕೆ ಸೇರಿದುದೆಂದು ವಿದ್ವಾಂಸರು ಹೇಳುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಒಬ್ಬ ವೀರನ ಗುಣವರ್ಣನೆ ತ್ರಿಪದಿಯಲ್ಲಿ ಬಂದಿದೆ. ನಮಗೆ ದೊರೆತ ತ್ರಿಪದಿಗಳಲ್ಲಿ ಅದೇ ಅತ್ಯಂತ ಪ್ರಾಚೀನ. ಬಂಡೆಯ ಮೇಲಿನ ಆ ಛಂದಸ್ಸು ಮುಂದೆ ಈ ಸೀಮೆಯ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡಾಗಿ ಸಾವಿರ ವರ್ಷಗಳ ಮೇಲೂ ಉಳಿದುದು ಸಾಮಾನ್ಯವಾದ ಸಂಗತಿಯಲ್ಲ. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಾಗ, ಅಕ್ಷರ ಕಲಿಯದ ಗರತಿಯರ ಬಾಯಲ್ಲಿ ಈ ಮೂರು ಸಾಲಿನ ಕಟ್ಟು ಎಷ್ಟು ಬಿಗಿಯಾಗಿ ನಿಂತಿತ್ತೆಂಬುದು ನಾಡಿಗೆಲ್ಲ ತಿಳಿಯಿತು.

೨

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಈ ಪ್ರದೇಶದ ಮಾತನ್ನು ಕುರಿತು ಕೊಟ್ಟ ಸಾಕ್ಷ್ಯ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದ ಮೇಲೆ, ಆ ಗ್ರಂಥ ಕನ್ನಡದ ತಿರುಳು ಇರುವ ಪ್ರದೇಶವನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವುಗಳಲ್ಲಿ ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ಮೊದಲನೆಯದಾದ ಕಿಸುವೊಳಲು ಬಾದಾಮಿಯ ಸಮೀಪದ ಪಟ್ಟದಕಲ್ಲು. ಇಂದು ನಮ್ಮ ವಿದ್ಯಾರ್ಥಿ ಯಾವ ಸೀಮೆಯ ನುಡಿ ತನ್ನದೆಂದು ನಾಚುತ್ತಾನೋ ಅದೇ ಸೀಮೆಯನ್ನು ಕನ್ನಡದ ಮೊದಲ ಲಕ್ಷಣಗ್ರಂಥ ಭಾಷೆಯ ಹೃದಯವೆಂದು ಕರೆದಿತ್ತು.

ಗ್ರಂಥಕಾರನಾದ ಶ್ರೀವಿಜಯ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ನಾಡಿನ ಜನ ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೇಳುತ್ತಾನೆ. ಅವರಲ್ಲದೆ ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರು, ಚಿಕ್ಕಮಕ್ಕಳೂ ಮೂಗರೂ ಸಹ ತಮ್ಮ ವಿವೇಕವನ್ನು ಇತರರಿಗೆ ಅರಿಯಿಸಬಲ್ಲರು ಎಂಬುದು ಅವನ ಮತ. ಇನ್ನೊಂದೆಡೆ ಅವನು ಮಾತಿನ ಬಲ್ಲಿದರಲ್ಲಿ ಮೆಟ್ಟಿಲುಗಳನ್ನು ಕಲ್ಪಿಸಿದ್ದಾನೆ. ತಾನು ಬಗೆದುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವನು ಮಾತರಿತವನು. ಕಿರಿದರಲ್ಲಿ ಹಿರಿದಾದ ಅರ್ಥವನ್ನು ಹೇಳಬಲ್ಲವನು ಅವನಿಗಿಂತ ನಿಪುಣ. ಛಂದಸ್ಸಿಗೆ ಹೊಂದಿಸಬಲ್ಲವನು ಅವನಿಗಿಂತ ಜಾಣ. ತಡೆಯಿಲ್ಲದೆ ಮಹಾಕೃತಿಯನ್ನು ರಚಿಸಬಲ್ಲವನು ಎಲ್ಲರಿಗಿಂತ ಬಲ್ಲವನು. ಈ ಕ್ರಮವನ್ನು ಲಕ್ಷ್ಯವಿಟ್ಟು ನೋಡಬೇಕು. ಮೊದಲ ಮೆಟ್ಟಿಲಿನಲ್ಲಿ ಶಬ್ದಶುದ್ಧಿಯ ಪ್ರಸ್ತಾಪವಿಲ್ಲ. ಬಗೆದುದು ಎದುರಿನವನಿಗೆ ಮುಟ್ಟಬೇಕೆಂಬುದೊಂದೇ ಅಲ್ಲಿಯ ಕಟ್ಟಳೆ. ದೋಷಗಳ ವಿವೇಚನೆಗೆ ಗ್ರಂಥದಲ್ಲಿ ವಿಪುಲವಾದ ಸ್ಥಾನವಿದೆ. ಆದರೆ ಅದು ಬರುವುದು ಮಾತನಾಡಲು ಕಲಿತ ಮೇಲೆಯೇ ಹೊರತು ಮೊದಲಲ್ಲ.

೩

ಹನ್ನೆರಡನೆಯ ಶತಮಾನದ ಶರಣರ ಚಳವಳಿಗೆ ಹುನಗುಂದದ ಸೀಮೆಯ ಸಂಬಂಧ ನಿಕಟವಾದುದು. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರು ವಿದ್ಯಾಭ್ಯಾಸದ ದಿನಗಳನ್ನು ಕಳೆದರು. ಆ ಸ್ಥಳದ ದೇವರೇ ಅವರ ವಚನಗಳ ಅಂಕಿತನಾದನು. ‘ವಚನ’ವೆಂಬ ಶಬ್ದಕ್ಕೆ ಮಾತು ಎಂದೇ ಅರ್ಥ. ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಮುಂತಾದವರು ತಮ್ಮ ತಮ್ಮ ಬದುಕಿನ ಅನುಭವದೊಳಗಿಂದಲೇ ಮಾತನಾಡಿದರು. ಮಾನದ ಭಾಷೆಗೂ ಬಳಕೆಯ ಭಾಷೆಗೂ ನಡುವೆ ಇದ್ದ ಗೋಡೆ ಅಲ್ಲಿ ಕೆಲಕಾಲವಾದರೂ ಬಿದ್ದಿತು. ಮಾತು ಹೇಗಿರಬೇಕೆಂಬುದನ್ನು ಕುರಿತ ಬಸವಣ್ಣನವರ ವಚನ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದೆ. ಅದನ್ನು ವೇದಿಕೆಯ ಮೇಲೆ ಅವರು ತಡವರಿಸದೆ ಹೇಳುತ್ತಾರೆ. ಆ ಬಳಿಕ ಅದರ ಅರ್ಥವನ್ನು ಸ್ವಂತ ವಾಕ್ಯದಲ್ಲಿ ಹೇಳೆಂದಾಗ ನಾಲಗೆ ತಡೆಯುತ್ತದೆ. ಅಂಜಿಕೆ ಇರುವುದು ಸಭೆಯ ಕಡೆಗಿಂತ ಸ್ವಂತ ವಾಕ್ಯದ ಕಡೆಗೆ ಹೆಚ್ಚೆಂಬುದನ್ನು ಈ ನಿತ್ಯದ ಅನುಭವವೇ ತೋರಿಸುತ್ತದೆ.

ಸಭೆಯಲ್ಲಿ ವಾದ ಮಾಡುವ ಕಲೆಯನ್ನು ಈ ಭಾಗದ ಜನ ಯಾವ ಶಾಲೆಯಿಂದಲೂ ಎರವಲು ತಂದವರಲ್ಲ. ಹರದೇಶಿ–ನಾಗೇಶಿ ಮೇಳಗಳ ಗೀಗೀ ಪದಗಳಲ್ಲಿ ಒಂದು ಪಕ್ಷ ಗಂಡು ಹೆಚ್ಚೆಂದು, ಇನ್ನೊಂದು ಪಕ್ಷ ಹೆಣ್ಣು ಹೆಚ್ಚೆಂದು ಇರುಳೆಲ್ಲ ವಾದಿಸುತ್ತವೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ, ಪುರಾಣದ ಆಧಾರ, ಲೋಕದ ಹೋಲಿಕೆ ಇವೆಲ್ಲ ಅಲ್ಲಿ ಉಂಟು. ಶ್ರೀಕೃಷ್ಣ ಪಾರಿಜಾತದಲ್ಲಿ ಹಾಡಿನಷ್ಟೇ ಆಕರ್ಷಕವಾದುದು ಪಾತ್ರಗಳ ನಡುವಣ ಸಮಯಸ್ಫೂರ್ತಿಯ ಸಂಭಾಷಣೆ. ಲಾವಣಿಕಾರರಾದರೂ ತಮ್ಮ ಕಾಲದ ರಾಜಕೀಯವನ್ನು ಕುರಿತು ಬಾಯಿಬಿಡಲು ಅಂಜಲಿಲ್ಲ. ಮುಧೋಳದ ಸಮೀಪದ ಹಲಗಲಿಯ ಬೇಡರು ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಕಾದಾಡಿ ಮಡಿದರು. ಅವರನ್ನು ಕುರಿತ ಲಾವಣಿಯನ್ನು ಶಾಸನತಜ್ಞರಾದ ಜೆ. ಎಫ್. ಫ್ಲೀಟರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಬಂಡೆಯ ಬರಹವನ್ನೂ ಬಾಯಿಯ ಹಾಡನ್ನೂ ಒಬ್ಬನೇ ವಿದ್ವಾಂಸ ಆಧಾರಗಳೆಂದು ಎತ್ತಿಕೊಂಡುದು ಗಮನಾರ್ಹ.

ಈ ಹಿಂದಿನ ಕಾಲವನ್ನು ದೋಷರಹಿತವೆಂದು ತಿಳಿಯಲಾಗದು. ಮೇಳದಲ್ಲಿ ನಿಂತು ಹಾಡುವವನು ಗುರುವಿನ ಬಳಿ ವರ್ಷಗಟ್ಟಲೆ ಕಲಿತವನು. ಕೇಳುವವರೆಲ್ಲರೂ ಎದ್ದು ಮಾತನಾಡುತ್ತಿರಲಿಲ್ಲ. ಊರ ಚಾವಡಿಯಲ್ಲಿ ಹೆಂಗಸರಿಗೂ ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಗಳವರಿಗೂ ಬಾಯಿ ತೆರೆಯುವ ಅವಕಾಶ ಇರಲಿಲ್ಲ. ಮೇಳದಲ್ಲಿ ಹಾಡಿದ ಹೆಂಗಸರಿಗೆ ಜನರ ಮೆಚ್ಚುಗೆ ದೊರೆತರೂ ಸಮಾಜದಲ್ಲಿ ಗೌರವ ದೊರೆಯಲಿಲ್ಲ. ಇಷ್ಟಾದರೂ ಒಂದು ವಿಶೇಷ ಉಳಿಯುತ್ತದೆ: ಅಲ್ಲಿ ಮಾತಿನ ನಿರ್ಣಾಯಕರು ಎದುರಿಗೆ ಕುಳಿತ ಕೇಳುಗರು. ಅರ್ಥ ಮುಟ್ಟಿತೆ ಇಲ್ಲವೆ ಎಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ಹೇಳುವವನು ಅದನ್ನು ನೋಡಿ ತನ್ನ ಮಾತನ್ನು ತಿದ್ದಿಕೊಳ್ಳುತ್ತಿದ್ದನು.

೪

ಈ ವ್ಯವಸ್ಥೆ ಬದಲಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೧೮ರಲ್ಲಿ ಪೇಶವೆಯರ ಆಳಿಕೆ ಅಳಿದು ಈ ಪ್ರದೇಶ ಮುಂಬಯಿ ಇಲಾಖೆಯ ಆಡಳಿತಕ್ಕೆ ಸೇರಿತು. ಮರಾಠಿ ಆಗಲೇ ದಫ್ತರದ ಭಾಷೆಯಾಗಿ ನೆಲೆಯೂರಿತ್ತು. ಕುಲಕರ್ಣಿಯ ಲೆಕ್ಕ, ಸಾಹುಕಾರನ ಖಾತೆ, ಕಚೇರಿಯ ಕಾಗದ ಇವು ಮೋಡಿ ಅಕ್ಷರದಲ್ಲಿ ನಡೆಯುತ್ತಿದ್ದವು. ಹೊಸ ಸರಕಾರ ಶಾಲೆಗಳನ್ನು ತೆರೆಯಲು ಮೊದಲು ಮಾಡಿದಾಗಲೂ ಅವುಗಳಲ್ಲಿ ಮರಾಠಿಗೇ ಪ್ರಾಧಾನ್ಯ ದೊರೆಯಿತು. ಮನೆಯಲ್ಲಿ ಕನ್ನಡ, ಬರಹಕ್ಕೆ ಮರಾಠಿ ಎಂಬ ಏರ್ಪಾಡಿನಿಂದ ಕನ್ನಡಿಗನಿಗೆ ತನ್ನ ಭಾಷೆ ಬರೆಯುವುದಕ್ಕೆ ತಕ್ಕುದಲ್ಲವೆಂಬ ಭಾವನೆ ಬೇರೂರಿದುದು ಆಶ್ಚರ್ಯವಲ್ಲ.

ಇದನ್ನು ತಿದ್ದಲು ಯತ್ನಿಸಿದವರೂ ಇದ್ದರು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಾಹೇಬರು ೧೮೩೦ರ ದಶಕದಲ್ಲಿ ಕನ್ನಡ ಶಾಲೆಗಳಿಗೆ ಪ್ರೋತ್ಸಾಹವಿತ್ತರು. ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ಶಿಕ್ಷಣ ಇಲಾಖೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳನ್ನೂ ಶಿಕ್ಷಕರನ್ನೂ ಬೆಳೆಯಿಸಿದರು. ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ನಾಟಕ’ವೆಂದು ೧೮೭೧ರಲ್ಲಿ ಕನ್ನಡಿಸಿದರು. ಬಾಗಲಕೋಟೆಯ ನೆರೆಯ ಕಲಾದಗಿಯನ್ನು ಕೇಂದ್ರವಾಗಿಟ್ಟು ೧೮೬೪ರಲ್ಲಿ ರಚಿತವಾದ ಜಿಲ್ಲೆಯಲ್ಲಿ ಪ್ರಾಥಮಿಕ ಶಿಕ್ಷಣ ಕನ್ನಡದಲ್ಲಿ ಬೇರೂರಿದುದು ಇಂಥವರ ಪ್ರಯತ್ನದ ಫಲ.

ಆದರೆ ಅಷ್ಟರಲ್ಲಿ ಮಾನದ ಭಾಷೆ ಮತ್ತೊಮ್ಮೆ ಬದಲಾಗಿತ್ತು. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಉಚ್ಚಶಿಕ್ಷಣದ ಭಾಷೆ ಇಂಗ್ಲಿಷಾಯಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು ೧೯೧೭ರಲ್ಲಿ. ಅಲ್ಲಿಯವರೆಗೆ ಬಾಗಲಕೋಟೆಯ ಹುಡುಗ ಪದವಿ ಪಡೆಯಬೇಕಾದರೆ ಸಾಮಾನ್ಯವಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅಲ್ಲಿ ಅವನಿಗೆ ಮೂರು ಭಾಷೆಗಳು ಎದುರಾದವು: ಪಾಠಕ್ಕೆ ಇಂಗ್ಲಿಷ್, ಬೀದಿಗೂ ಗೆಳೆತನಕ್ಕೂ ಮರಾಠಿ, ನೆನಪಿಗೆ ಕನ್ನಡ. ಮೂರರಲ್ಲಿ ಯಾವುದರಲ್ಲಿ ಬಾಯಿ ತೆರೆದರೂ ಯಾರೋ ಒಬ್ಬರು ನಗುವ ಸಂಭವವಿತ್ತು.

ಈ ಕಾಲದ ಇನ್ನೊಂದು ನೂತನ ಸಂಗತಿ ಲಿಖಿತ ಪರೀಕ್ಷೆ. ಹಿಂದೆ ಮಠಗಳಲ್ಲಿ, ಐಗಳ ಶಾಲೆಗಳಲ್ಲಿ ಕಲಿತವನು ಕಲಿತುದನ್ನು ಗುರುವಿನ ಎದುರಿಗೆ ಒಪ್ಪಿಸುತ್ತಿದ್ದನು. ತಪ್ಪಿದರೆ ಏಟು ಬೀಳುತ್ತಿತ್ತು, ಆದರೆ ತಪ್ಪು ಯಾವುದೆಂಬುದು ಅಲ್ಲಿಯೇ ತಿಳಿಯುತ್ತಿತ್ತು. ವಿಶ್ವವಿದ್ಯಾಲಯದ ಪರೀಕ್ಷಕನಾದರೋ ಕಣ್ಣಿಗೆ ಕಾಣದವನು. ವಿದ್ಯಾರ್ಥಿ ಯಾರಿಗೆ ಬರೆಯುತ್ತಿದ್ದೇನೆಂಬುದನ್ನು ಅರಿಯದೆ ಬರೆಯಬೇಕು. ಯಾವುದು ತಪ್ಪಾಯಿತೆಂಬುದನ್ನು ಅರಿಯದೆ ಅಂಕಿಗಳನ್ನು ಮಾತ್ರ ಪಡೆಯಬೇಕು. ಬರಹದ ಅಂಜಿಕೆಗೂ ಮಾತಿನ ಅಂಜಿಕೆಗೂ ಇರುವ ಭೇದ ಇಲ್ಲಿದೆ. ಮಾತಿನಲ್ಲಿ ವಿದ್ಯಾರ್ಥಿ ಎದುರಿಗಿರುವ ನೂರು ಕಣ್ಣುಗಳಿಗೆ ಅಂಜುತ್ತಾನೆ, ಬರಹದಲ್ಲಿ ಎದುರಿಗಿಲ್ಲದ ಎರಡು ಕಣ್ಣುಗಳಿಗೆ ಅಂಜುತ್ತಾನೆ. ಆ ಎರಡು ಕಣ್ಣುಗಳಿಗೆ ಒಪ್ಪುವುದು ಯಾವುದೆಂದು ತಿಳಿಯದಿರುವಾಗ, ಒಪ್ಪಿತವೆಂದು ಅಚ್ಚಾಗಿ ಬಂದ ವಾಕ್ಯವನ್ನೇ ಮರಳಿ ಬರೆಯುವುದು ನಿರಪಾಯವಾದ ದಾರಿ. ಗೈಡುಗಳ ಬಳಕೆಗೆ ಸೋಮಾರಿತನವೊಂದೇ ಕಾರಣವೆಂದು ಹೇಳುವುದು ಆದುದರಿಂದ ಪೂರ್ಣ ಸತ್ಯವಾಗದು.

೫

ಇಂಥ ಪರಿಸ್ಥಿತಿಯಲ್ಲಿ ಕನ್ನಡದ ಸಾರ್ವಜನಿಕ ಮಾತನ್ನು ಮತ್ತೆ ಎತ್ತಿ ನಿಲ್ಲಿಸಿದ ಪ್ರಯತ್ನಗಳು ಈ ಚರಿತ್ರೆಯ ಅತ್ಯಂತ ಆಶಾದಾಯಕ ಭಾಗ. ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ಅದು ೧೮೯೬ರಲ್ಲಿ ಆರಂಭಿಸಿದ ಪತ್ರಿಕೆಗೆ ‘ವಾಗ್ಭೂಷಣ’ವೆಂದು ಹೆಸರು. ಮಾತೇ ಭೂಷಣವೆಂಬ ಈ ಹೆಸರು ಕನ್ನಡದ ಮಾತು ಭೂಷಣವೆನಿಸದಿದ್ದ ಕಾಲದಲ್ಲಿ ಹುಟ್ಟಿತು. ಇದೇ ಸಂಘದ ಆಶ್ರಯದಲ್ಲಿ ೧೯೧೧ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಮಾಡಿದ ಪ್ರಸಿದ್ಧ ಭಾಷಣದ ವಿಷಯ ‘ಕನ್ನಡ ಮಾತು ತಲೆಯೆತ್ತುವ ಬಗೆ’. ಇಂಗ್ಲಿಷಿನ ಅಧ್ಯಾಪಕರೊಬ್ಬರು ಮೈಸೂರಿನ ಸೀಮೆಯಿಂದ ಧಾರವಾಡಕ್ಕೆ ಬಂದು ಕನ್ನಡದಲ್ಲಿಯೇ ಈ ವಿಷಯವನ್ನು ಪ್ರತಿಪಾದಿಸಿದುದು ಕೇಳುಗರಿಗೆ ವಿಷಯದಷ್ಟೇ ದೊಡ್ಡ ಪಾಠವಾಗಿರಬೇಕು.

ಬಾಗಲಕೋಟೆಯೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. ಅಲ್ಲಿಯೇ ಜನಿಸಿದ ಕೆರೂರ ವಾಸುದೇವಾಚಾರ್ಯರು (೧೮೬೬–೧೯೨೧) ವೃತ್ತಿಯಿಂದ ವಕೀಲರು. ವಾದ ಅವರ ಉದ್ಯೋಗ, ಬರಹ ಅವರ ವ್ಯಸನ. ೧೯೦೮ರಲ್ಲಿ ‘ಇಂದಿರಾ’ ಎಂಬ ಕಾದಂಬರಿಯನ್ನು ಪ್ರಕಟಿಸಿ ಸ್ವತಂತ್ರ ಸಾಮಾಜಿಕ ಕಾದಂಬರಿಗೆ ದಾರಿ ತೋರಿದ ಮೊದಲಿಗರಲ್ಲಿ ಒಬ್ಬರಾದರು. ಷೇಕ್ಸ್‌ಪಿಯರನ ವೆನಿಸ್ ನಗರದ ವರ್ತಕನನ್ನು ‘ಸುರತನಗರದ ಶ್ರೇಷ್ಠಿ’ಯನ್ನಾಗಿ ಮಾಡಿದರು; ‘ಸಚಿತ್ರ ಭಾರತ’, ‘ಶುಭೋದಯ’ ಪತ್ರಿಕೆಗಳನ್ನು ನಡೆಯಿಸಿದರು. ಅವರ ಗದ್ಯದಲ್ಲಿ ಈ ಸೀಮೆಯ ಮನೆಮಾತಿನ ಧಾಟಿ ಸಂಕೋಚವಿಲ್ಲದೆ ಸುಳಿಯುತ್ತದೆ. ೧೯೦೬ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ ಮುಂದೆ ಈ ಭಾಗದ ಸಾವಿರಾರು ಮನೆಗಳ ಮಕ್ಕಳಿಗೆ ಶಾಲೆ ಕಾಲೇಜುಗಳ ಬಾಗಿಲನ್ನು ತೆರೆಯಿತು. ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಶೋಧಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅದೇ ವರ್ಷ ಬಿಜಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದು, ಜಿಲ್ಲೆಯ ಜನ ಕನ್ನಡದಲ್ಲಿ ನಡೆದ ವಿದ್ವತ್ಸಭೆಯನ್ನು ಕಣ್ಣಾರೆ ಕಂಡರು.

ಇದೇ ದಶಕದಲ್ಲಿ ಈ ಭಾಗಕ್ಕೆ ಬಂದು ಹೋದ ಇನ್ನೊಬ್ಬರ ಉದಾಹರಣೆ ನಮ್ಮ ವಿಷಯಕ್ಕೆ ಪ್ರಸ್ತುತವಾಗಿದೆ. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸಭಾಕಂಪವನ್ನು ಮುಚ್ಚುಮರೆಯಿಲ್ಲದೆ ವರ್ಣಿಸಿದ್ದಾರೆ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಸ್ಯಾಹಾರಿಗಳ ಸಭೆಯಲ್ಲಿ ತಾವು ಬರೆದುಕೊಂಡು ಬಂದುದನ್ನು ಓದಲಾರದೆ ಇನ್ನೊಬ್ಬರಿಂದ ಓದಿಸಬೇಕಾಯಿತು. ಮುಂಬಯಿಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಯ ದಿನ ಎದ್ದು ನಿಂತವರು ಮಾತು ಹೊರಡದೆ ಕುಳಿತುಬಿಟ್ಟರು. ಮುಂದೆ ೧೯೧೬ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ತಮ್ಮ ದೇಶಬಾಂಧವರೊಡನೆ ಪರಭಾಷೆಯಲ್ಲಿ ಮಾತನಾಡಬೇಕಾಗಿ ಬಂದುದು ನಾಚಿಕೆಯ ಸಂಗತಿಯೆಂದು ಅವರೇ ಹೇಳಿದರು. ಪ್ರಾಚೀನ ರೋಮಿನ ಮಹಾವಾಗ್ಮಿ ಸಿಸೆರೋ ಕೂಡ ವಾಕ್‌ಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಭಾಷಣದ ಆರಂಭದಲ್ಲಿ ಮುಖ ಬಿಳಿಚಿ ಮೈ ನಡುಗುವುದೆಂಬ ಮಾತನ್ನು ಹೆಸರಾಂತ ವಾಗ್ಮಿಯೊಬ್ಬನ ಬಾಯಿಂದಲೇ ಆಡಿಸಿದ್ದಾನೆ. ಆದುದರಿಂದ ನಡುಕ ಅಸಾಮರ್ಥ್ಯದ ಗುರುತಲ್ಲ. ಮಾತಿನ ಹೊಣೆಯನ್ನು ಅರಿತವನಿಗೆಲ್ಲ ಅಷ್ಟಿಷ್ಟು ಕಂಪ ಉಂಟು. ನಾವು ಚಿಂತಿಸಬೇಕಾದುದು ಆ ಸಹಜವಾದ ಕಂಪದ ಮೇಲೆ ಚರಿತ್ರೆ ಹ��ರಿಸಿದ ಭಾರವನ್ನು.

೬

೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಗಿ, ಮುಂದಿನ ವರ್ಷ ಧಾರವಾಡದಲ್ಲಿ ನೆಲೆಗೊಂಡಿತು. ೧೯೫೬ರಲ್ಲಿ ನಾಡು ಒಂದಾಯಿತು. ಮರಾಠಿಯ ಭಾರ ಇಳಿಯಿತು. ಕಲಾಶಾಖೆಯಲ್ಲಿ ಕನ್ನಡದಲ್ಲಿ ಕಲಿಯುವ, ಬರೆಯುವ ಅನುಕೂಲ ಕ್ರಮೇಣ ಒದಗಿತು. ಇಷ್ಟಾದ ಮೇಲೆ ಅಂಜಿಕೆ ತಾನಾಗಿ ಹೋಗಬೇಕಾಗಿತ್ತೆಂದು ಯಾರಿಗಾದರೂ ಅನಿಸಬಹುದು. ಅದು ಹೋಗಲಿಲ್ಲ, ಸ್ಥಳವನ್ನು ಮಾತ್ರ ಬದಲಿಸಿತು.

ಈ ಬಾರಿ ಭೇದ ಹುಟ್ಟಿದುದು ಕನ್ನಡದ ಒಳಗೆಯೇ. ಪಠ್ಯಪುಸ್ತಕ, ಪತ್ರಿಕೆ, ಆಕಾಶವಾಣಿಗಳಲ್ಲಿ ನೆಲೆಗೊಂಡ ಗ್ರಾಂಥಿಕ ಕನ್ನಡಕ್ಕೂ ಬಾಗಲಕೋಟೆಯ ಮನೆಮಾತಿಗೂ ಅಂತರ ಉಂಟು. ‘ಮಾಡುತ್ತಿದ್ದೇನೆ’ ಎಂದು ಪುಸ್ತಕ ಹೇಳಿದರೆ ವಿದ್ಯಾರ್ಥಿಯ ನಾಲಗೆ ‘ಮಾಡಾಕತ್ತೀನಿ’ ಎನ್ನುತ್ತದೆ. ‘ಧನ’ವೆಂಬಲ್ಲಿ ‘ದನ’ವೆಂದು ಉಚ್ಚರಿಸಿದರೆ ತರಗತಿ ನಗುತ್ತದೆ. ಮಹಾಪ್ರಾಣಾಕ್ಷರಗಳು ಅಚ್ಚಗನ್ನಡದ ಶಬ್ದಗಳಲ್ಲಿ ಬಹು ವಿರಳವೆಂಬುದನ್ನು ವ್ಯಾಕರಣ ಓದಿದವರೆಲ್ಲ ಬಲ್ಲರು. ಆದರೂ ಅವುಗಳ ಉಚ್ಚಾರವನ್ನೇ ಕನ್ನಡತನದ ಒರೆಗಲ್ಲಾಗಿ ಮಾಡಿ ಎಷ್ಟೋ ಬಾಯಿಗಳನ್ನು ಮುಚ್ಚಿಸಿದ್ದೇವೆ. ಗ್ರಾಂಥಿಕ ಭಾಷೆ ಬೇಡವೆಂದು ಇದರ ತಾತ್ಪರ್ಯವಲ್ಲ. ನಾಡಿನ ಎಲ್ಲ ಸೀಮೆಗಳೂ ಕೂಡಿ ವ್ಯವಹರಿಸಲು ಅದು ಅವಶ್ಯ. ಈ ಲೇಖನವೂ ಅದರಲ್ಲಿಯೇ ಬರೆಯಲ್ಪಟ್ಟಿದೆ. ಆದರೆ ಅದು ಕಲಿತು ಏರಬೇಕಾದ ಮೆಟ್ಟಿಲೇ ಹೊರತು ಬಾಗಿಲಲ್ಲಿ ತೋರಿಸಬೇಕಾದ ಪರವಾನಗಿಯಲ್ಲ.

ವಿಜ್ಞಾನ, ವೈದ್ಯಕೀಯ, ಯಂತ್ರಶಾಸ್ತ್ರಗಳ ಕಡೆಗೆ ಹೋಗುವವರಿಗೆ ಹಳೆಯ ಭೇದವೂ ಉಳಿದುಕೊಂಡಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವನು ಪದವಿಪೂರ್ವ ತರಗತಿಯ ವಿಜ್ಞಾನ ಶಾಖೆಗೆ ಕಾಲಿಟ್ಟೊಡನೆ ಇಂಗ್ಲಿಷನ್ನು ಎದುರಿಸಬೇಕು. ನಿನ್ನೆಯವರೆಗೆ ಮುಂದಿನ ಸಾಲಿನಲ್ಲಿದ್ದವನು ಇಂದು ಹಿಂದಿನ ಸಾಲಿಗೆ ಸರಿಯುತ್ತಾನೆ. ಅವನ ಬುದ್ಧಿ ಒಂದು ಬೇಸಿಗೆಯ ರಜೆಯಲ್ಲಿ ಕುಗ್ಗಿಹೋದುದಲ್ಲ; ಬದಲಾದುದು ಪಾಠದ ಭಾಷೆ. ಇಂಥ ಎಷ್ಟೋ ಮಕ್ಕಳು ತಮಗೆ ವಿಜ್ಞಾನ ಬಾರದೆಂದು ನಂಬಿ ಓದನ್ನೇ ಬಿಡುವುದುಂಟು. ನಷ್ಟ ಅವರೊಬ್ಬರದೇ ಅಲ್ಲ.

ಇನ್ನು ಮಹಾವಿದ್ಯಾಲಯಗಳ ವೇದಿಕೆಯ ವಿಚಾರ. ವಕ್ತೃತ್ವ ಸ್ಪರ್ಧೆ, ವಾದವಿವಾದ, ವಾರ್ಷಿಕ ಗ್ಯಾದರಿಂಗ್, ಕಾಲೇಜಿನ ಸಂಚಿಕೆ ಇವು ಬಹುಕಾಲದಿಂದ ನಡೆದುಬಂದಿವೆ. ಇವುಗಳಿಂದ ಒಳ್ಳೆಯ ಭಾಷಣಕಾರರೂ ಲೇಖಕರೂ ಹೊರಬಿದ್ದಿರುವುದು ನಿಜ. ಆದರೆ ಸ್ಪರ್ಧೆಯ ಸ್ವರೂಪವೇ ಬಲ್ಲವರನ್ನು ಆರಿಸುವುದು. ಆಗಲೇ ಮಾತು ಬಲ್ಲ ನಾಲ್ವರು ಪ್ರತಿ ವರ್ಷವೂ ವೇದಿಕೆ ಏರುತ್ತಾರೆ. ಉಳಿದವರು ಚಪ್ಪಾಳೆ ತಟ್ಟಿ, ಮಾತು ತಮ್ಮ ಪಾಲಿನದಲ್ಲವೆಂಬುದನ್ನು ಮತ್ತೊಮ್ಮೆ ಕಲಿತು ಮನೆಗೆ ಹೋಗುತ್ತಾರೆ. ವಿದ್ಯಾರ್ಥಿನಿಯರಿಗೆ ಈ ಪಾಠ ಇನ್ನೂ ಆಳವಾಗಿ ಹತ್ತುತ್ತದೆ, ಏಕೆಂದರೆ ಚಾವಡಿಯ ಹಳೆಯ ನಿಷೇಧ ಮನೆಯ ಬುದ್ಧಿವಾದದ ರೂಪದಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ೨೦೦೦ದಲ್ಲಿ ಬಾಗಲಕೋಟೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಅಧ್ಯಕ್ಷಪೀಠದಿಂದ ಮಾತನಾಡಿದವರು ಶಾಂತಾದೇವಿ ಮಾಳವಾಡರು. ಸಮ್ಮೇಳನದ ಚರಿತ್ರೆಯಲ್ಲಿ ಆ ಪೀಠವನ್ನು ಅಲಂಕರಿಸಿದ ಮಹಿಳೆಯರಲ್ಲಿ ಅವರು ಎರಡನೆಯವರು. ಈ ಸೀಮೆಯ ಹೆಣ್ಣುಮಕ್ಕಳಿಗೆ ಆ ದೃಶ್ಯದ ಬೆಲೆ ಹಲವು ಉಪದೇಶಗಳಿಗಿಂತ ಹೆಚ್ಚಿನದು.

೭

ಇಲ್ಲಿಯವರೆಗಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಸೀಮೆಯ ಜನಕ್ಕೆ ಮಾತಿನ ಬಡತನ ಎಂದೂ ಇರಲಿಲ್ಲ. ಮಾನದ ಭಾಷೆ ಸಂಸ್ಕೃತದಿಂದ ಮರಾಠಿಗೆ, ಮರಾಠಿಯಿಂದ ಇಂಗ್ಲಿಷಿಗೆ, ಕೊನೆಗೆ ಗ್ರಾಂಥಿಕ ಕನ್ನಡಕ್ಕೆ ಬದಲಾಗುತ್ತ ಬಂದಿತು. ಅದರೊಡನೆ ಮಾತಿನ ನಿರ್ಣಾಯಕನೂ ಬದಲಾದನು. ಎದುರಿಗೆ ಕುಳಿತ ಕೇಳುಗನ ಸ್ಥಾನಕ್ಕೆ ತಪ್ಪು ಹುಡುಕುವ ಪರೀಕ್ಷಕ ಬಂದನು. ಅರ್ಥ ಮುಟ್ಟಿತೆ ಎಂಬ ಪ್ರಶ್ನೆ ಹಿಂದೆ ಸರಿದು, ರೂಪ ಶುದ್ಧವೆ ಎಂಬ ಪ್ರಶ್ನೆ ಮೊದಲಾಯಿತು. ನಮ್ಮ ವಿದ್ಯಾರ್ಥಿಯ ಸಭಾಕಂಪದಲ್ಲಿ ಸ್ವಭಾವದಿಂದ ಬಂದ ಪಾಲಿಗಿಂತ ಈ ವ್ಯತ್ಯಾಸದಿಂದ ಬಂದ ಪಾಲು ದೊಡ್ಡದು. ಚರಿತ್ರೆಯಿಂದ ಬಂದುದನ್ನು ಮನುಷ್ಯ ಪ್ರಯತ್ನದಿಂದ ತಿದ್ದಬಹುದೆಂಬುದು ಇಲ್ಲಿಯ ಸಮಾಧಾನ.

ತಿದ್ದುವ ಬಗೆಗೆ ಶ್ರೀವಿಜಯ ಹೇಳಿದ ಮೆಟ್ಟಿಲುಗಳ ಕ್ರಮಕ್ಕಿಂತ ಉತ್ತಮವಾದ ಮಾರ್ಗ ಸುಲಭವಾಗಿ ತೋರದು. ಮೊದಲು ಬಗೆದುದನ್ನು ಮುಟ್ಟಿಸುವುದು, ಅನಂತರ ಸಂಕ್ಷೇಪ, ಅದರ ಮೇಲೆ ಕಟ್ಟು, ಕೊನೆಗೆ ದೊಡ್ಡ ಕೃತಿ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಗೆ ರಾಷ್ಟ್ರೀಯ ಭಾವೈಕ್ಯದ ಮೇಲೆ ಭಾಷಣ ಮಾಡೆಂದರೆ ಅವಳು ಪುಸ್ತಕವನ್ನು ಹುಡುಕುತ್ತಾಳೆ. ಅದರ ಬದಲಾಗಿ, ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದು ಹೇಗೆ, ಟೋಪ ತೆನೆಯ ಸೆರಗು ಮೂಡುವುದು ಹೇಗೆಂದು ಮನೆಮಾತಿನಲ್ಲಿಯೇ ಹೇಳೆಂದರೆ ತರಗತಿಯಲ್ಲಿ ಅವಳಿಗಿಂತ ಬಲ್ಲವರು ಯಾರೂ ಇರಲಾರರು, ಅಧ್ಯಾಪಕರೂ ಇರಲಾರರು. ಆಗ ನಿರ್ಣಾಯಕಿ ಅವಳೇ. ಹೇಳಿದುದನ್ನೇ ಮರುದಿನ ಒಂದು ಪುಟ ಬರೆಯಲಿ. ಸಹಪಾಠಿಯೊಬ್ಬರು ಅದನ್ನು ಓದಿ ಎಲ್ಲಿ ತಿಳಿಯಲಿಲ್ಲವೆಂಬುದನ್ನು ಮಾತ್ರ ಹೇಳಲಿ. ಕಾಣದ ಓದುಗ ಕಾಣುವ ಓದುಗನಾದಾಗ ಬರಹದ ಅಂಜಿಕೆ ಅರ್ಧವಾದರೂ ಇಳಿಯುತ್ತದೆ. ಗ್ರಾಂಥಿಕ ರೂಪ, ಉಚ್ಚಾರಶುದ್ಧಿ, ಇಂಗ್ಲಿಷಿನ ಪರಿಭಾಷೆ ಇವುಗಳನ್ನು ಆ ಮೇಲೆ ಒಂದೊಂದಾಗಿ ಕಲಿಸಬಹುದು. ಹೇಳಲು ಏನೋ ಇದೆಯೆಂದು ಅರಿತವನು ಅವುಗಳನ್ನು ತಾನೇ ಬೇಡಿ ಪಡೆಯುತ್ತಾನೆ.

ಈ ಸೀಮೆಯವರೇ ಹೀಗೆ ಮನೆಮಾತಿನಿಂದ ರಂಗದ ಮಾತಿಗೆ ಏರಿದ ದೃಷ್ಟಾಂತಗಳು ದೂರದಲ್ಲಿಲ್ಲ. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರು ತಮ್ಮ ಭಾಗದ ನುಡಿಯನ್ನೇ ಬಂಡವಾಳ ಮಾಡಿಕೊಂಡು ವೃತ್ತಿರಂಗಭೂಮಿಗೆ ನಾಟಕಗಳನ್ನು ಬರೆದರು. ಅವರ ‘ಸಂಪತ್ತಿಗೆ ಸವಾಲ್’ ಹಳ್ಳಿಹಳ್ಳಿಗಳಲ್ಲಿ ಆಡಲ್ಪಟ್ಟು, ೧೯೭೪ರಲ್ಲಿ ಚಲನಚಿತ್ರವೂ ಆಗಿ ನಾಡಿನ ಎಲ್ಲ ಸೀಮೆಗಳನ್ನೂ ಮುಟ್ಟಿತು. ಮೈಸೂರಿನವರಿಗೆ ಅದರ ಅರ್ಥ ಮುಟ್ಟಲಿಲ್ಲವೆಂದು ಯಾರೂ ದೂರಲಿಲ್ಲ.

ಬಾದಾಮಿಯ ಕಲ್ಮನೆಯಲ್ಲಿ ಕನ್ನಡ ಶಾಸನವನ್ನು ಬರೆದವನಿಗೆ ತಾನು ಯಾರಿಗಾಗಿ ಬರೆಯುತ್ತಿದ್ದೇನೆಂಬುದು ಖಚಿತವಾಗಿ ತಿಳಿದಿತ್ತು. ಆದುದರಿಂದ ಅವನ ವಾಕ್ಯಗಳು ಚಿಕ್ಕವು, ನೇರವಾದವು, ಸಂದೇಹಕ್ಕೆ ಎಡೆಯಿಲ್ಲದವು. ನಮ್ಮ ವಿದ್ಯಾರ್ಥಿಗಳಿಗೂ ಮೊದಲು ಒದಗಿಸಬೇಕಾದುದು ಅಂಥ ಒಬ್ಬ ಓದುಗನನ್ನು, ಅಂಥ ಒಬ್ಬ ಕೇಳುಗನನ್ನು. ಅದು ಮಹಾವಿದ್ಯಾಲಯಗಳ ಕೈಯಲ್ಲಿರುವ ಕೆಲಸ. ಅದಕ್ಕೆ ಹೊಸ ಕಟ್ಟಡವಾಗಲಿ, ಹೆಚ್ಚಿನ ಅನುದಾನವಾಗಲಿ ಬೇಕಾಗಿಲ್ಲ.